ಕಾದಂಬರಿ ಮುಚ್ಚಿಟ್ಟ ಮೇಲೆ ಗಂಡ ಸಪ್ಪೆ ಅನಿಸಿದರೆ

ಪ್ರಶ್ನೆ: ಅಕ್ಕಾ, ನನಗೆ 39 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ. ನಮ್ಮ ಮನೆಯವರದು ಹಳೇ ಊರಿನ ಮಾರ್ಕೆಟ್ಟಿನಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ. ಮಗಳು ಸೆಕೆಂಡ್ ಪಿಯು, ಮಗ ಎಂಟನೇ ಕ್ಲಾಸು. ಕಳೆದ ಮಳೆಗಾಲದಿಂದ ನನಗೆ ಪ್ರೇಮ ಕಾದಂಬರಿ ಓದುವ ಹುಚ್ಚು ಹಿಡಿದಿದೆ. ಹೆಚ್ಚಿನವು ಮೊಬೈಲ್ ಆ್ಯಪ್‌ನಲ್ಲಿ ಬರುವ ಧಾರಾವಾಹಿಗಳು. ಎಲ್ಲದರಲ್ಲೂ ಕಥೆ ಹೆಚ್ಚುಕಡಿಮೆ ಒಂದೇ. ಶ್ರೀಮಂತ, ಸಿಡುಕ, ಯಾರನ್ನೂ ನಂಬದ ಗಂಡು. ಅಪ್ಪನ ಆಪರೇಷನ್ನಿಗೋ ಸಾಲಕ್ಕೋ ಅವನನ್ನು ಕರಾರಿನ ಮೇಲೆ ಮದುವೆಯಾಗುವ ಹುಡುಗಿ. ಅವನು ಬಯ್ಯುತ್ತಾನೆ, ಅನುಮಾನಪಡುತ್ತಾನೆ. ಒಂದರಲ್ಲಿ ಕೆನ್ನೆಗೂ ಹೊಡೆದ. ಓದುವಾಗ ಮೈ ಉರಿಯುತ್ತದೆ. ಆದರೆ ಅವನು ಪಶ್ಚಾತ್ತಾಪಪಡುವ ಭಾಗ ಬಂದಾಗ ನಾನೇ ಅಳುತ್ತೇನೆ. ರಾತ್ರಿ ಒಂದು, ಎರಡು ಗಂಟೆಯಾಗುತ್ತದೆ.

ನಡುವೆ ಗ್ರಂಥಾಲಯದಿಂದ ತ್ರಿವೇಣಿಯವರ ‘ಬೆಳ್ಳಿ ಮೋಡ’ ತಂದು ಓದಿದೆ. ಕೊನೆಗೆ ಅವಳು ಅವನನ್ನು ಒಪ್ಪುವುದೇ ಇಲ್ಲ! ಪುಸ್ತಕ ಎಸೆಯೋಣ ಅನಿಸಿತು. ವಿಚಿತ್ರ ಅಂದರೆ ಈಗ ತಲೆಯಲ್ಲಿ ಉಳಿದಿರುವುದು ಅದೊಂದೇ. ಉಳಿದವುಗಳ ನಾಯಕಿಯರ ಹೆಸರೂ ಕಲಸಿಹೋಗಿವೆ.

ನನ್ನ ಚಿಂತೆ ಇದು. ನಮ್ಮ ಮನೆಯವರು ಕುಡಿಯುವುದಿಲ್ಲ, ಯಾವತ್ತೂ ಕೈ ಎತ್ತಿದವರಲ್ಲ. ಆದರೆ ದಿನಕ್ಕೆ ಹತ್ತು ಮಾತಾಡಿದರೆ ಜಾಸ್ತಿ. ಕಾದಂಬರಿ ಮುಚ್ಚಿ ಅವರ ಕಡೆ ನೋಡಿದರೆ ಎಲ್ಲ ಸಪ್ಪೆ ಅನಿಸುತ್ತದೆ. ಅತ್ತೆಯವರು, “ಕಾದಂಬರಿ ಓದಿ ಓದಿ ಮನಿ ಮುರಕೊಂಡವರನ್ನ ನಾ ಕಂಡೀನಿ” ಅನ್ನುತ್ತಾರೆ. ಈಗ ಮಗಳೂ ಅದೇ ಆ್ಯಪ್ ಓದುತ್ತಾಳೆ ಎಂದು ಗೊತ್ತಾಗಿದೆ. ನಾನು ಓದುವುದನ್ನು ನಿಲ್ಲಿಸಬೇಕೇ? ಅವಳನ್ನು ತಡೆಯಬೇಕೇ? ಅಥವಾ ನನ್ನಲ್ಲೇ ಏನಾದರೂ ದೋಷವಿದೆಯೇ?

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮಲ್ಲಿ ದೋಷವಿಲ್ಲ. ವಿಜಯಪುರ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ಕಾದಂಬರಿ ಪಾಠ ಮಾಡುತ್ತಲೇ ನನ್ನ ನೌಕರಿ ಮುಗಿಯಿತು. ಪಠ್ಯಪುಸ್ತಕದೊಳಗೆ ಪ್ರೇಮ ಕಾದಂಬರಿ ಇಟ್ಟು ಓದುವ ಹುಡುಗಿಯರನ್ನು ಪ್ರತಿ ಬ್ಯಾಚಿನಲ್ಲೂ ಕಂಡಿದ್ದೇನೆ. ಈಗ ಓದುಗರ ಗುಂಪುಗಳಲ್ಲಿ ಅವರ ವಯಸ್ಸಾದ ರೂಪಗಳನ್ನು ಕಾಣುತ್ತೇನೆ. ನಾಯಕ ಕೆಟ್ಟವನು ಅಂತ ಗೊತ್ತು, ಆದರೂ ಅವನಿಗಾಗಿ ಅಳು ಬರುತ್ತದೆ ಎಂದು ಹೇಳುವ ಮೊದಲನೇ ಓದುಗರು ನೀವಲ್ಲ. ಅದಕ್ಕೆ ಕಾರಣವಿದೆ, ಅದು ಕಥೆ ಕಟ್ಟುವ ರೀತಿಯಲ್ಲೇ ಇದೆ. ಅದು ಅರ್ಥವಾದರೆ ಗಂಡ ಸಪ್ಪೆ ಅನಿಸುವುದೇಕೆ ಎಂಬುದೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅದಕ್ಕೂ ಮೊದಲು ಅತ್ತೆಯವರ ಮಾತು. ಕಾದಂಬರಿಯಿಂದ ಹೆಣ್ಣು ಕೆಡುತ್ತಾಳೆ ಎಂಬ ಭಯ ಕಾದಂಬರಿಯಷ್ಟೇ ಹಳೆಯದು. ಯುರೋಪಿನಲ್ಲಿ 18ನೇ ಶತಮಾನದಲ್ಲೇ ಪಾದ್ರಿಗಳು, ಪತ್ರಿಕೆಯವರು ಇದೇ ಮಾತು ಆಡಿದ್ದಾರೆ. ನಮ್ಮಲ್ಲಿ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಕಥೆ ಅದು. ಆ ಕಾಲದ ಎಷ್ಟು ಮನೆಗಳಲ್ಲಿ ಅದನ್ನು ಹೆಣ್ಣುಮಕ್ಕಳ ಕೈಗೆ ಕೊಡುತ್ತಿದ್ದರು, ನೀವೇ ಊಹಿಸಿ.

ಮತ್ತೆ, ಪ್ರೇಮದ ಕಥೆ ನಮ್ಮ ಕಡೆಗೆ ಮೊಬೈಲಿನಿಂದ ಬಂದದ್ದಲ್ಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ-ಬಾಳ್ಯಾ’ ಎಂಬ ಸಣ್ಣಾಟ, ಅಂದರೆ ಜನಪದ ನಾಟಕ, ಏನು? ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ, ಗೆಳೆಯ ಬಾಳ್ಯಾ ನಡುವೆ ಬರುತ್ತಾನೆ, ಕೊನೆಗೆ ಕೊಲೆ. ಅದನ್ನು ಊರಿಗೆ ಊರೇ ರಾತ್ರಿಯಿಡೀ ಕೂತು ನೋಡುತ್ತಿತ್ತು, ಹೆಣ್ಣುಮಕ್ಕಳೂ ನೋಡುತ್ತಿದ್ದರು. ಕಲಾವಿದೆ ಕೌಜಲಗಿ ನಿಂಗಮ್ಮ ಹೆಸರು ಮಾಡಿದ ‘ಶ್ರೀಕೃಷ್ಣ ಪಾರಿಜಾತ’ ಆಟದಲ್ಲಿ ಸತ್ಯಭಾಮೆ ಮುನಿಸಿಕೊಂಡು ಕೂರುವುದೇ ದೊಡ್ಡ ಆಕರ್ಷಣೆ. ಗಂಡ ಇನ್ನೊಬ್ಬಳಿಗೆ ಹೂ ಕೊಟ್ಟ ಎಂಬ ಸಂಕಟ ಅದು. ನಿಮ್ಮ ಧಾರಾವಾಹಿಯ ನಾಯಕಿಯದೂ ಬಹಳ ಬೇರೆ ಏನಲ್ಲ. ಅತ್ತೆಯವರು ಚಿಕ್ಕವರಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ‘ಕುಲವಧು’ ನೋಡಿದ್ದರೇ ಅಂತ ಒಮ್ಮೆ ಕೇಳಿ. ‘ಯುಗ ಯುಗಾದಿ ಕಳೆದರೂ’ ಹಾಡು ಇರುವ ಸಿನಿಮಾ, 1963ರದು. ಅದರ ಮೂಲ ಕಾದಂಬರಿ ಬರೆದ ಕೃಷ್ಣಮೂರ್ತಿ ಪುರಾಣಿಕರು ನಿಮ್ಮ ಜಿಲ್ಲೆಯ ಬೀಳಗಿಯವರೇ. ಜಗಳ ತೆಗೆಯಲು ಅಲ್ಲ, ಮಾತಿಗೆ ಎಳೆಯಲು ಕೇಳಿ. ಆ ಕಾಲದವರು ಎಷ್ಟು ಕಾದಂಬರಿಯ ಕಥೆಗಳನ್ನು ಸಿನಿಮಾದಲ್ಲಿ ನೋಡಿ ಅತ್ತಿದ್ದಾರೆ ಅನ್ನುವುದು ಅವರಿಗೇ ಮರೆತಿರುತ್ತದೆ.

ಅವರು ಕಂಡ ಮುರಿದ ಮನೆಗಳ ಬಗ್ಗೆ ಒಂದು ಮಾತು. ಮನೆ ಮುರಿಯುವ ಮೊದಲೇ ಅಲ್ಲಿ ಬಿರುಕು ಇರುತ್ತದೆ. ಅಂಥ ಮನೆಯ ಹೆಣ್ಣುಮಗಳು ಪುಸ್ತಕ ಹಿಡಿದು ಕೂತದ್ದು ಎಲ್ಲರಿಗೂ ಕಂಡಿರುತ್ತದೆ, ಬಿರುಕು ಕಂಡಿರುವುದಿಲ್ಲ. ಬೈಗುಳ ಪುಸ್ತಕಕ್ಕೆ ಬೀಳುತ್ತದೆ.

ಹಾಗಂತ ‘ಕಥೆ ಸುಮ್ನೆ ಕಥೆ, ಅದರಿಂದ ಏನೂ ಆಗಲ್ಲ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಏನೂ ಆಗದಿದ್ದರೆ ನಾವು ಯಾಕೆ ಓದುತ್ತಿದ್ದೆವು? ಕಥೆ ನಮ್ಮೊಳಗೆ ಏನೋ ಮಾಡುತ್ತದೆ. ಏನು ಮಾಡುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಪ್ರೇಮ ಕಾದಂಬರಿ ಎಂಬುದು ಓದುಗರಿಗೆ ಮೊದಲೇ ಮಾತು ಕೊಟ್ಟು ಶುರುವಾಗುವ ಕಥೆ. ಕೊನೆಗೆ ಇಬ್ಬರೂ ಒಂದಾಗುತ್ತಾರೆ, ಸುಖವಾಗಿರುತ್ತಾರೆ. ಇಂಗ್ಲಿಷಿನ ಪ್ರಕಾಶಕರಂತೂ ಇದನ್ನು ಹೆಚ್ಚುಕಡಿಮೆ ನಿಯಮವನ್ನೇ ಮಾಡಿಕೊಂಡರು. ಮಿಲ್ಸ್ ಆ್ಯಂಡ್ ಬೂನ್ 1908ರಲ್ಲಿ ಎಲ್ಲ ಬಗೆಯ ಪುಸ್ತಕ ತರುವ ಕಂಪನಿಯಾಗಿ ಶುರುವಾಗಿ, 1930ರ ದಶಕದ ಹೊತ್ತಿಗೆ ಪ್ರೇಮ ಕಥೆಗಳಿಗೇ ಮೀಸಲಾಯಿತು. ಮುಗಿಯುವುದು ಹೇಗೆ ಅಂತ ಮೊದಲೇ ಗೊತ್ತಿರುವ ಕಥೆಯಲ್ಲಿ ಕುತೂಹಲ ಎಲ್ಲಿಂದ ಬರಬೇಕು? ಅಡ್ಡಿಗಳಿಂದ. ಇಬ್ಬರು ಒಳ್ಳೆಯವರು, ಮೊದಲ ದಿನವೇ ಒಬ್ಬರಿಗೊಬ್ಬರು ಹಿಡಿಸಿದರು, ಮನೆಯವರೂ ಒಪ್ಪಿದರು ಎಂದರೆ ಹತ್ತು ಪುಟಕ್ಕೆ ಕಥೆ ಮುಗಿಯಿತು. ಹಿಂದೆ ಜಾತಿ, ಬಡತನ, ಊರ ಮಾತು ಅಡ್ಡಿಯಾಗಿ ನಿಲ್ಲುತ್ತಿದ್ದವು. ಅವನ್ನು ನಿಜವಾಗಿ ಬರೆಯಲು ಸಮಾಜ ಗೊತ್ತಿರಬೇಕು, ಶ್ರಮ ಜಾಸ್ತಿ. ಎಲ್ಲಕ್ಕಿಂತ ಸುಲಭದ ಅಡ್ಡಿ ನಾಯಕನ ಸಿಡುಕು. ನೂರು ಕಂತು ಬೇಕಾದರೂ ಎಳೆಯಬಹುದು. ಕರಾರಿನ ಮದುವೆ ಬಂದದ್ದೂ ಇದೇ ಅನುಕೂಲಕ್ಕೆ. ಇಬ್ಬರನ್ನೂ ಮದುವೆಯ ಹೆಸರಿನಲ್ಲಿ ಒಂದೇ ಸೂರಿನಡಿ ತಂದಿಟ್ಟು, ಪ್ರೀತಿಯನ್ನು ಮಾತ್ರ ಮುಂದೂಡುತ್ತಾ ಹೋಗಬಹುದಲ್ವಾ?

ಆದರೆ ಸಿಡುಕನನ್ನು ಓದುಗರು ಬಿಟ್ಟುಹೋಗದಂತೆ ಕಾಪಾಡಿಕೊಳ್ಳಬೇಕು. ಅದಕ್ಕೆ ಲೇಖಕಿ ಮಾಡುವ ಉಪಾಯ ಒಂದೇ. ಅವನ ಮನಸ್ಸಿನ ಬಾಗಿಲು ತೆರೆದು ನಿಮ್ಮನ್ನು ಒಳಗೆ ಕೂರಿಸುತ್ತಾಳೆ. ಹೊಡೆದ ಕೈಯನ್ನೇ ನೋಡುತ್ತಾ ಅವನು ಕತ್ತಲಲ್ಲಿ ಕೂತದ್ದು ನಾಯಕಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಚಿಕ್ಕವನಿದ್ದಾಗ ಅವನ ತಾಯಿ ಬಿಟ್ಟುಹೋದದ್ದು ಅವಳಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಹಳೆಯ ಪ್ರೇಮ ಕಾದಂಬರಿಗಳಲ್ಲಿ ಬಹುಪಾಲು ಕಥೆ ನಾಯಕಿಯ ಕಣ್ಣಿನಿಂದಲೇ ಸಾಗುತ್ತಿತ್ತು. ಅವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಕಡೆಯ ಪುಟಗಳವರೆಗೆ ಬಯಲಾಗುತ್ತಿರಲಿಲ್ಲ. ಈಗಿನ ಧಾರಾವಾಹಿಗಳಲ್ಲಿ ಒಂದು ಭಾಗ ಅವಳ ಮಾತಿನಲ್ಲಿ, ಮುಂದಿನದು ಅವನ ಮಾತಿನಲ್ಲಿ. ಹಾಗಾಗಿ ನೀವು ಮೊದಲ ವಾರದಿಂದಲೇ ಅವನ ವಕೀಲರಾಗಿರುತ್ತೀರಿ. ಪಶ್ಚಾತ್ತಾಪದ ಭಾಗದಲ್ಲಿ ಅಳು ಬರುವುದು ಅದಕ್ಕೇ. ಅಷ್ಟು ದಿನ ನೀವೊಬ್ಬರೇ ಕಾದಿಟ್ಟುಕೊಂಡ ಗುಟ್ಟು ಕೊನೆಗೆ ಅವಳಿಗೂ ತಿಳಿಯಿತಲ್ಲ ಎಂಬ ಸಮಾಧಾನದ ಅಳು ಅದು.

ಅಮೆರಿಕದಲ್ಲಿ ಜಾನಿಸ್ ರಾಡ್‌ವೇ ಎಂಬ ವಿದ್ವಾಂಸೆ ಪ್ರೇಮ ಕಾದಂಬರಿ ಓದುವ ಗೃಹಿಣಿಯರ ಜತೆ ಕೂತು ಮಾತಾಡಿ 1984ರಲ್ಲಿ ಒಂದು ಪುಸ್ತಕ ತಂದರು. ಅವರಿಗೆ ಸಿಕ್ಕ ಎರಡು ಸಂಗತಿ ನಿಮಗೂ ಹೊಂದುತ್ತವೆ. ಆ ಹೆಂಗಸರು ಕಥೆಗಾಗಿ ಎಷ್ಟೋ ಅಷ್ಟೇ, ‘ಈ ಹೊತ್ತು ನನ್ನದು, ಯಾರೂ ಏನೂ ಕೇಳಬೇಡಿ’ ಎನ್ನುವ ಬಿಡುವಿಗಾಗಿ ಓದುತ್ತಿದ್ದರು. ಇನ್ನೊಂದು, ನಾಯಕನ ಒರಟುತನವನ್ನು ಅವರು ಬಚ್ಚಿಟ್ಟ ಪ್ರೀತಿ ಎಂದು ಓದಿಕೊಳ್ಳುತ್ತಿದ್ದರು. ಒರಟುತನ ಮಿತಿ ಮೀರಿದ ಪುಸ್ತಕಗಳನ್ನು ಅವರೂ ದೂರ ಇಡುತ್ತಿದ್ದರು, ಅದು ಬೇರೆ ಮಾತು. ಬೆಳಗಿನ ರೊಟ್ಟಿ, ಡಬ್ಬಿ, ಅತ್ತೆಯ ಔಷಧಿ, ಮಗನ ಟ್ಯೂಷನ್ ಎಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ನಿಮಗೆ ಸಿಗುವ ಹೊತ್ತು ಯಾವುದು? ಅದೊಂದೇ. ಅದನ್ನು ಹುಚ್ಚು ಎಂದು ನೀವೇ ಬರೆದಿದ್ದೀರಿ. ನಾನು ಆ ಹೆಸರು ಕೊಡುವುದಿಲ್ಲ.

ಈಗ ಒಂದು ಗಟ್ಟಿ ಮಾತು. ಪುಸ್ತಕದಲ್ಲಿ ಹೊಡೆತದ ಜತೆಗೆ ಅದರ ವಿವರಣೆಯೂ ಬರುತ್ತದೆ. ಜೀವನದಲ್ಲಿ ಹೊಡೆತ ಮಾತ್ರ ಬರುತ್ತದೆ. ವಿವರಣೆಯನ್ನು ಪೆಟ್ಟು ತಿಂದವಳೇ ಹೊಂದಿಸಿಕೊಳ್ಳುತ್ತಾಳೆ. ‘ಒಳಗೆ ಪ್ರೀತಿ ಇದೆ, ಕೆಲಸದ ಟೆನ್ಶನ್, ಅವರ ತಾಯಿ ಹಾಗೆ ಬೆಳೆಸಿದರು.’ ಪುಸ್ತಕದಲ್ಲಿ ಲೇಖಕಿ ಖಾತ್ರಿ ಕೊಟ್ಟದ್ದನ್ನು ಇಲ್ಲಿ ಯಾರೂ ಕೊಟ್ಟಿರುವುದಿಲ್ಲ. ಓದುಗರ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳು ತನ್ನ ಗಂಡನ ಬಗ್ಗೆ ಮಾತಾಡುತ್ತಿದ್ದಾಗ, ಇದು ಇವಳ ಮಾತೇ ಅಲ್ಲ, ಯಾವುದೋ ಧಾರಾವಾಹಿಯ ನಾಯಕನ ಮಾತು ಎಂದು ನನಗೆ ಅನಿಸಿತ್ತು. ನಿಮ್ಮದು ಹಾಗಲ್ಲ, ನಿಮ್ಮ ಮನೆಯವರು ಕೈ ಎತ್ತಿದವರಲ್ಲ ಎಂದು ಬರೆದಿದ್ದೀರಿ. ಆದರೆ ನಿಮ್ಮ ಪತ್ರವನ್ನು ಬೇರೆಯವರೂ ಓದುತ್ತಾರೆ ಎಂದು ಇಷ್ಟು ಹೇಳಿದೆ.

‘ಬೆಳ್ಳಿ ಮೋಡ’ ತಲೆಯಿಂದ ಇಳಿಯದಿರುವುದೂ ಇದೇ ಕಾರಣಕ್ಕೆ ಎಂದು ನನ್ನ ಅಂದಾಜು. ಅಲ್ಲಿ ಆಗುವುದೇನು ನೋಡಿ. ಮೋಹನನಿಗೆ ಇಂದಿರೆಗಿಂತ ಅವಳ ಆಸ್ತಿಯ ಮೇಲೆ ಕಣ್ಣು. ಅವಳಿಗೆ ತಮ್ಮ ಹುಟ್ಟಿ, ಆಸ್ತಿ ಕೈತಪ್ಪುತ್ತದೆ ಎಂದಾಗ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಕಾಲು ಮುರಿದುಕೊಂಡಾಗ ಆರೈಕೆ ಮಾಡುವವಳು ಅವಳೇ. ಆಗ ಅವನ ಮನಸ್ಸು ತಿರುಗುತ್ತದೆ, ಮದುವೆಯಾಗು ಎನ್ನುತ್ತಾನೆ. ನಿಮ್ಮ ಆ್ಯಪ್‌ನ ಯಾವ ಧಾರಾವಾಹಿಯಾದರೂ ಇಲ್ಲಿಗೆ ಬಂದರೆ ಮುಂದೇನು? ಕಣ್ಣೀರು, ಅಪ್ಪುಗೆ, ಮುಕ್ತಾಯ. ತ್ರಿವೇಣಿ ಅಲ್ಲಿಯವರೆಗೆ ಅದೇ ದಾರಿಯಲ್ಲಿ ಕರೆದುಕೊಂಡು ಬಂದು, ಇಂದಿರೆಯ ಬಾಯಲ್ಲಿ ಬೇಡ ಎನ್ನಿಸುತ್ತಾರೆ. ಅವನ ಪಶ್ಚಾತ್ತಾಪ ಸುಳ್ಳು ಅಂತಲ್ಲ. ನಿಜವೇ ಇರಬಹುದು. ಅದು ನಿಜ ಎಂದ ಮಾತ್ರಕ್ಕೆ ಅವಳು ಒಪ್ಪಬೇಕಾಗಿಲ್ಲ. ಒಬ್ಬನ ಮನಸ್ಸು ಅರ್ಥವಾಗುವುದಕ್ಕೂ ಅವನನ್ನು ಮತ್ತೆ ನಂಬುವುದಕ್ಕೂ ನಡುವೆ ದೊಡ್ಡ ಅಂತರವಿದೆ ಎಂದು ಆ ಕಾದಂಬರಿ ಒಂದೇ ನಿರಾಕರಣೆಯಲ್ಲಿ ತೋರಿಸಿಬಿಡುತ್ತದೆ. ಪುಸ್ತಕ ಎಸೆಯಬೇಕು ಅನಿಸಿತಲ್ಲ, ಅದು ಒಳ್ಳೆಯ ಓದುಗರ ಸಿಟ್ಟು. ಕಥೆ ಮಾತು ಮುರಿಯಿತು ಎಂಬ ಸಿಟ್ಟು. ತ್ರಿವೇಣಿ ಬದುಕಿದ್ದು 1928ರಿಂದ 1963ರವರೆಗೆ ಮಾತ್ರ. 1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದಾಗ ಅವರು ಇರಲಿಲ್ಲ. ಅಷ್ಟು ಹಿಂದೆ ಬರೆದದ್ದು ಇವತ್ತಿನ ಎಷ್ಟೋ ಧಾರಾವಾಹಿಗಳಿಗಿಂತ ಧೈರ್ಯದ್ದು ಎಂದು ನನಗೆ ಅನಿಸುತ್ತದೆ. ಎಲ್ಲರೂ ಒಪ್ಪಬೇಕೆಂದಿಲ್ಲ.

ಹಾಗಾದರೆ ಸುಖಾಂತ್ಯದ ಕಾದಂಬರಿ ಕೀಳೇ? ಅಲ್ಲವೇ ಅಲ್ಲ. ದಿನವಿಡೀ ದುಡಿದವಳಿಗೆ ಸುಖವಾಗಿ ಮುಗಿಯುವ ಕಥೆ ಓದುವ ಹಕ್ಕಿದೆ. ಬುದ್ಧಿಜೀವಿಗಳು ಮೂಗು ಮುರಿದರೆ ಮುರಿಯಲಿ. ಗಮನಿಸಬೇಕಾದದ್ದು ಇಷ್ಟೇ: ಆ ಸುಖಾಂತ್ಯ ಯಾವ ನಡತೆಗೆ ಬಹುಮಾನವಾಗಿ ಸಿಕ್ಕಿತು? ನಾಯಕ ತನ್ನ ರೀತಿ ಬದಲಾಯಿಸಿಕೊಂಡ ಮೇಲೆ ಅವಳು ಬಂದಳೇ, ಅಥವಾ ಅವಳು ಎಲ್ಲ ಸಹಿಸಿಕೊಂಡದ್ದಕ್ಕೆ ಅವನು ಸಿಕ್ಕನೇ? ಅವನು ಕ್ಷಮೆ ಕೇಳಿದ್ದು ಬರೀ ಮಾತಿನಲ್ಲೇ, ಅಥವಾ ಮುಂದೆ ಬೇರೆ ಥರ ನಡೆದುಕೊಂಡದ್ದು ಕಂಡಿತೇ? ಅವಳ ಓದು, ನೌಕರಿ ಕೊನೆಯ ಭಾಗದಲ್ಲೂ ಇದ್ದವೇ, ಮದುವೆಯಾದೊಡನೆ ಮಾಯವಾದವೇ? ಈ ಕಣ್ಣಿಟ್ಟು ನೀವು ಓದಿದವುಗಳನ್ನು ನೆನಪಿಸಿಕೊಳ್ಳಿ. ‘ಎಲ್ಲದರಲ್ಲೂ ಕಥೆ ಒಂದೇ’ ಎಂದು ಬರೆದಿದ್ದೀರಿ. ಒಂದೇ ಇರಲಿಕ್ಕಿಲ್ಲ.

ನಿದ್ದೆಯ ವಿಷಯಕ್ಕೆ ಬರೋಣ. ಇದರಲ್ಲಿ ನಿಮ್ಮ ಮನಸ್ಸಿನ ದೌರ್ಬಲ್ಯಕ್ಕಿಂತ ಧಾರಾವಾಹಿಯ ಕಟ್ಟಡ ದೊಡ್ಡದು. ವಾರಪತ್ರಿಕೆಗಳ ಕಾಲದಲ್ಲೂ ಪ್ರತಿ ಕಂತನ್ನು ತುದಿಯಲ್ಲಿ ನಿಲ್ಲಿಸುತ್ತಿದ್ದರು. ಆದರೆ ಮುಂದಿನದಕ್ಕೆ ಏಳು ದಿನ ಕಾಯಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ. ಈಗ ಒಂದು ಭಾಗ ಐದಾರು ನಿಮಿಷದ ಓದು, ಮುಂದಿನದು ಬೆರಳ ತುದಿಯಲ್ಲಿದೆ. ಬೀಗ ಹಾಕಿದ್ದರೆ ಕಾಯಿನ್ ಕೊಟ್ಟು ತೆಗೆಯಬಹುದು. ಶೇಂಗಾ ಸುಲಿದು ತಿನ್ನಲು ಕೂತಂತೆ, ಯಾವುದು ಕೊನೆಯದು ಅನ್ನುವುದೇ ಇಲ್ಲ. ಬರೆಯುವವರ ಕಷ್ಟವೂ ಇದೆ. ದಿನಕ್ಕೊಂದು ಭಾಗ ಹಾಕದಿದ್ದರೆ ಓದುಗರು ಬೇರೆಡೆ ಹೋಗುತ್ತಾರೆ. ಆದ್ದರಿಂದ ಒಂದು ಮಾತಿನಲ್ಲಿ ಬಗೆಹರಿಯುವ ಅಪಾರ್ಥವನ್ನು ಮೂವತ್ತು ಭಾಗ ಬೆಳೆಸುತ್ತಾರೆ. ಹೆಸರುಗಳು ಕಲಸಿಹೋಗುವುದು ನಿಮ್ಮ ನೆನಪಿನ ತಪ್ಪಲ್ಲ.

ಪೂರ್ತಿ ಬಿಟ್ಟುಬಿಡಬಹುದು. ಬಿಟ್ಟವರನ್ನು ಕಂಡಿದ್ದೇನೆ. ಆದರೆ ಅತ್ತೆಯ ಮಾತಿಗೆ ಹೆದರಿ ಬಿಟ್ಟರೆ ಆ ಬಿಡುವಿನ ಹೊತ್ತೂ ಹೋಗುತ್ತದೆ, ಅದರ ಜಾಗಕ್ಕೆ ಒಳಗೊಳಗೇ ಕಹಿ ಬರುತ್ತದೆ. ಬಹಳ ಸಲ ಅದು ಕದ್ದು ಓದುವುದರಲ್ಲಿ ಮುಗಿಯುತ್ತದೆ. ಈಗಿರುವಂತೆಯೇ ಮುಂದುವರಿದರೆ ನಿದ್ದೆಗೆಟ್ಟ ಮೈಗೆ ಬೆಳಗ್ಗೆ ಎಲ್ಲರೂ ಬೇಸರವಾಗಿ ಕಾಣುತ್ತಾರೆ, ಗಂಡ ಮೊದಲು. ಸಪ್ಪೆತನದಲ್ಲಿ ಒಂದು ಪಾಲು ನಿದ್ದೆಯದೇ ಇರಬಹುದು. ನಾನಾದರೆ ಓದು ಬಿಡದೆ, ಓದುವ ರೂಪ ಬದಲಾಯಿಸುತ್ತೇನೆ. ಮುಗಿದಿರುವ ಕಾದಂಬರಿಗಳನ್ನು, ಅದರಲ್ಲೂ ಪುಸ್ತಕದ ರೂಪದಲ್ಲಿ ಓದಿ. ಪುಸ್ತಕಕ್ಕೆ ಅಧ್ಯಾಯಗಳಿವೆ, ಎಷ್ಟು ಪುಟ ಉಳಿದಿದೆ ಅಂತ ಕೈಗೆ ಗೊತ್ತಾಗುತ್ತದೆ, ಮುಚ್ಚಿಡಬಹುದು. ಜಿಲ್ಲಾ ಕೇಂದ್ರ ಗ್ರಂಥಾಲಯ ನಿಮ್ಮ ಊರಿನಲ್ಲೇ ಇದೆ. ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ವಾಣಿ, ಸಾಯಿಸುತೆ ಇವರ ಕಾದಂಬರಿಗಳನ್ನು ಕೇಳಿ ನೋಡಿ. ಎಲ್ಲ ಒಂದೇ ತೂಕದವು ಅಲ್ಲ. ಸಾಯಿಸುತೆಯವರದು ಹಗುರ ಓದು, ಅನುಪಮಾ ವೈದ್ಯೆಯಾಗಿದ್ದವರು, ನೇರವಾಗಿ ಚುಚ್ಚುತ್ತಾರೆ. ಇದರಲ್ಲೂ ಒಂದು ತೊಂದರೆ ಇದೆ. ಧಾರಾವಾಹಿಯ ಓಟಕ್ಕೆ ಒಗ್ಗಿದವರಿಗೆ ಮೊದಲ ಐವತ್ತು ಪುಟ ತೆವಳಿದಂತೆ ಅನಿಸುತ್ತದೆ. ಕೆಲವರು ಅಲ್ಲೇ ಕೈಬಿಡುತ್ತಾರೆ.

ಇನ್ನು ನಿಮ್ಮ ಮನೆಯವರು. ಮೇಲೆ ಹೇಳಿದ್ದನ್ನೇ ಇಲ್ಲಿ ತಿರುಗಿಸಿ ನೋಡಿ. ನಾಯಕನಿಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಹಣವಲ್ಲ, ರೂಪವಲ್ಲ, ಕಾರೂ ಅಲ್ಲ. ನಾಯಕನ ತಲೆಯೊಳಗೆ ಏನಿದೆ ಎಂದು ಪುಟಗಟ್ಟಲೆ ನಿಮಗೆ ಗೊತ್ತು. ಪಕ್ಕದಲ್ಲೇ ಊಟಕ್ಕೆ ಕೂತವರ ತಲೆಯೊಳಗೆ ಏನಿದೆ ಎಂದು ಒಂದು ಸಾಲೂ ಗೊತ್ತಿಲ್ಲ. ಕಾದಂಬರಿಯ ನಾಯಕನೂ ಹೊರಗಿನಿಂದ ನೋಡಿದರೆ ಮಾತೇ ಆಡದ, ಮುಖ ಗಂಟಿಕ್ಕಿದ ಗಂಡಸು. ನೀವು ಬಯಸುತ್ತಿರುವುದು ಬೇರೆ ಗಂಡನನ್ನಲ್ಲ, ಇದೇ ಗಂಡನ ಒಳಗಿನ ಮಾತನ್ನು ಎಂದು ನನಗೆ ಅನಿಸುತ್ತದೆ. ತಪ್ಪಿದ್ದರೆ ಬರೆಯಿರಿ.

ಇಲ್ಲಿ ಒಂದು ಅಪಾಯ ಕೂಡಲೇ ಹೇಳಬೇಕು. ‘ಹೌದಲ್ಲ, ಅವರ ಮನಸ್ಸಿನಲ್ಲಿ ನನ್ನ ಮೇಲೆ ಬೆಟ್ಟದಷ್ಟು ಪ್ರೀತಿ ಇರಬೇಕು, ಹೇಳಲು ಬರಲ್ಲ ಅಷ್ಟೇ’ ಎಂದು ನೀವೇ ಕಥೆ ಕಟ್ಟಿಕೊಂಡು ಸುಮ್ಮನಾಗಬೇಡಿ. ಅದು ಪೆಟ್ಟು ತಿಂದವಳು ಹೊಂದಿಸಿಕೊಳ್ಳುವ ವಿವರಣೆಯ ತಂಗಿಯೇ. ಪ್ರೀತಿ ಇರಬಹುದು. ಬೇಸರ ಇರಬಹುದು, ಅಂಗಡಿಯ ಉದ್ರಿ ವಸೂಲಿಯ ಚಿಂತೆ ಇರಬಹುದು. ಕಬ್ಬಿನ ಬಿಲ್ ಬಂದ ಮೇಲೆ ಕೊಡುತ್ತೇನೆ ಅನ್ನುವ ಗಿರಾಕಿಗಳನ್ನು ನಂಬಿ ವ್ಯಾಪಾರ ಮಾಡುವವರಿಗೆ ಅದೇನು ಸಣ್ಣ ಚಿಂತೆಯಲ್ಲ. ಯಾವುದು ಅಂತ ಅವರೇ ಹೇಳಬೇಕು, ನೀವು ಊಹಿಸಬಾರದು. ಕೇಳಿ.

ಹೇಗೆ ಕೇಳುವುದು ಎಂದರೆ, ‘ನೀವು ಯಾಕೆ ಮಾತಾಡಲ್ಲ’ ಎಂದು ಶುರುಮಾಡಬೇಡಿ. ಅದಕ್ಕೆ ಉತ್ತರವಾಗಿ ಇನ್ನಷ್ಟು ಮೌನ ಬರುತ್ತದೆ. ನಮ್ಮ ಗುಂಪಿನ ಕೆಲವರಿಗೆ ಕೈಗೂಡಿದ ಉಪಾಯವೆಂದರೆ ಓದಿದ ಕಥೆಯನ್ನೇ ಊಟದ ಹೊತ್ತಿಗೆ ಹೇಳುವುದು. ‘ಇಂಥವನು ಹೀಗೆ ಮಾಡಿದ, ಅವಳು ಬೇಡ ಅಂದಳು, ಸರಿಯೋ ತಪ್ಪೋ?’ ತಮ್ಮ ಬಗ್ಗೆ ಎರಡು ಮಾತಾಡದ ಗಂಡಸರು ಬೇರೆಯವರ ನ್ಯಾಯ ಹೇಳಲು ಮುಂದೆ ಬರುತ್ತಾರೆ. ಇಂದಿರೆಯ ವಿಷಯ ಹೇಳಿ ನೋಡಿ. ಅವರು ಮೋಹನನ ಪರ ಮಾತಾಡಿದರೂ ನಿಮಗೆ ಏನೋ ತಿಳಿಯುತ್ತದೆ. ನಕ್ಕು ಎದ್ದುಹೋಗುವ ಸಾಧ್ಯತೆಯೂ ಇದೆ, ಆಗ ನೋವಾಗುತ್ತದೆ. ಇನ್ನೊಂದು, ‘ಆ ನಾಯಕ ನೋಡಿ ಎಷ್ಟು ಮಾತಾಡುತ್ತಾನೆ’ ಎಂದು ಹೋಲಿಸಲು ಹೋಗಬೇಡಿ. ಹೋಲಿಕೆ ಬಂದ ಕೂಡಲೇ ಕಥೆ ಮುಗಿದು ವಾದ ಶುರುವಾಗುತ್ತದೆ. ಅಂಗಡಿಯ ಬಾಗಿಲು ಹಾಕಿ ಬಂದ ಹೊತ್ತು ಬೇಡ, ಭಾನುವಾರ ಇರಲಿ. ತಿಂಗಳುಗಟ್ಟಲೆ ಹೀಗೆ ಮಾಡಿದರೂ ಗೋಡೆಯ ಜತೆ ಮಾತಾಡಿದಂತೆಯೇ ಇದ್ದರೆ, ಅಥವಾ ಮೌನವನ್ನೇ ಶಿಕ್ಷೆಯಾಗಿ ಬಳಸುತ್ತಿದ್ದಾರೆ ಎಂದು ಅನಿಸಿದರೆ, ಅದು ಸಾಹಿತ್ಯದ ಮೇಷ್ಟ್ರು ಬಗೆಹರಿಸುವ ವಿಷಯವಲ್ಲ. ಆಪ್ತಸಮಾಲೋಚಕರ ಹತ್ತಿರ ಇಬ್ಬರೂ ಹೋಗಿ.

ಮಗಳ ವಿಷಯದಲ್ಲಿ ನಾನು ಇಷ್ಟು ಆರಾಮಾಗಿ ಮಾತಾಡುವುದಿಲ್ಲ. ನಿಮಗೆ ಹದಿನೆಂಟೋ ಇಪ್ಪತ್ತೋ ವರ್ಷದ ಸಂಸಾರದ ಅನುಭವವಿದೆ. ಕಥೆ ಏನೇ ಹೇಳಲಿ, ಪಕ್ಕಕ್ಕಿಟ್ಟು ತೂಗಲು ನಿಮ್ಮ ಹತ್ತಿರ ಬೇರೆ ತಕ್ಕಡಿ ಇದೆ. ಹದಿನೇಳರ ಹುಡುಗಿಗೆ ಗಂಡಸಿನ ಪ್ರೀತಿ ಹೇಗಿರುತ್ತದೆ ಎಂಬುದಕ್ಕೆ ಸದ್ಯ ಕಥೆಗಳೇ ಸಾಕ್ಷಿ. ಧಾರಾವಾಹಿಯಲ್ಲಿ ಹುಡುಗ ಕಾಲೇಜಿನಿಂದ ಮನೆಯವರೆಗೆ ಹಿಂದೆ ಬರುತ್ತಾನೆ, ಬೇಡ ಅಂದರೂ ಮೆಸೇಜು ಕಳಿಸುತ್ತಾನೆ, ಫೋನು ಕಿತ್ತುಕೊಂಡು ಯಾರ ಜತೆ ಮಾತಾಡಿದೆ ಎಂದು ನೋಡುತ್ತಾನೆ. ಅದನ್ನೆಲ್ಲ ಪ್ರೀತಿಯ ತೀವ್ರತೆ ಎಂದು ಬರೆದಿರುತ್ತಾರೆ. ಬೇಡ ಎಂದ ಮೇಲೂ ಬೆನ್ನುಬೀಳುವುದು ನಮ್ಮ ದೇಶದಲ್ಲಿ 2013ರಿಂದಲೇ ಪ್ರತ್ಯೇಕ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿದೆ. ಹಾಗೆ ಬೆನ್ನುಬಿದ್ದವನು ಹುಡುಗಿ ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಎಂದು ಕಣ್ಣಿಡುವುದೂ ಅದರಲ್ಲಿ ಬರುತ್ತದೆ. ಮದುವೆಯಾದ ಮೇಲಿನ ಮಾತಾದರೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಹೀಯಾಳಿಕೆ, ಖರ್ಚಿಗೆ ಕೊಡದೆ ಕಾಡುವುದು ಕೂಡ ಹಿಂಸೆಯೇ. ಸಹಾಯ ಬೇಕಾದ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ಇದನ್ನೆಲ್ಲ ಮಗಳಿಗೆ ಪಾಠದಂತೆ ಒಪ್ಪಿಸಬೇಡಿ, ಎದ್ದುಹೋಗುತ್ತಾಳೆ. ನಿಮಗೆ ಗೊತ್ತಿದ್ದರೆ ಸಾಕು, ಸಂದರ್ಭ ಬಂದಾಗ ಬಾಯಿಗೆ ಬರುತ್ತದೆ.

ತಡೆಯಬೇಕೇ ಎಂದರೆ, ತಡೆದು ಗೆದ್ದ ತಾಯಿಯನ್ನು ನಾನು ಕಂಡಿಲ್ಲ. ಫೋನು ಕಿತ್ತುಕೊಂಡರೆ ಗೆಳತಿಯ ಫೋನಿನಲ್ಲಿ ಓದುತ್ತಾಳೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ನಾಳೆ ನಿಜವಾಗಿ ಯಾರೋ ಹಿಂದೆ ಬಿದ್ದಾಗ ನಿಮಗೆ ಹೇಳುವುದಿಲ್ಲ. ಹೇಳಿದರೆ ‘ಎಲ್ಲ ಆ ಕಾದಂಬರಿಗಳಿಂದ’ ಅನ್ನುತ್ತೀರಿ ಎಂದು ಅವಳಿಗೆ ಗೊತ್ತಿರುತ್ತದೆ. ಆದ್ದರಿಂದ ನೀವೂ ಓದುತ್ತೀರಿ ಎಂದು ಮೊದಲು ಅವಳಿಗೆ ಹೇಳಿ. ಅವಳಿಗೆ ಆಶ್ಚರ್ಯವಾಗುತ್ತದೆ, ಸ್ವಲ್ಪ ನಗುತ್ತಾಳೆ, ನಗಲಿ. ಆಮೇಲೆ ಇಬ್ಬರೂ ಓದಿದ ಒಂದು ಕಥೆ ಹಿಡಿದು ಜಗಳವಾಡಿ. ‘ಕೆನ್ನೆಗೆ ಹೊಡೆದವನನ್ನು ನೀನಾದರೆ ಒಪ್ಪುತ್ತಿದ್ದೆಯಾ?’ ಎಂದು ಕೇಳಿ. ಅವಳ ಉತ್ತರ ನಿಮಗೆ ಹಿಡಿಸದಿರಬಹುದು. ಕೂಡಲೇ ತಿದ್ದಲು ಹೋಗಬೇಡಿ. ನೀವು ಅತ್ತ ಭಾಗದಲ್ಲಿ ಅವಳೂ ಅತ್ತಿರುತ್ತಾಳೆ, ಅದನ್ನು ಒಪ್ಪಿಕೊಂಡೇ ಮುಂದಿನ ಮಾತು. ಪರೀಕ್ಷೆ ಹತ್ತಿರ ಬಂದಿರುವ ವರ್ಷ ಇದು, ಹಾಗಾಗಿ ರಾತ್ರಿ ಹತ್ತೂವರೆಯ ನಂತರ ಇಬ್ಬರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಎಂಬ ಒಂದು ಕಟ್ಟುಪಾಡು ಮಾತ್ರ ಇರಲಿ. ಅವಳಿಗೊಬ್ಬಳಿಗೇ ಆದರೆ ಅದು ಶಿಕ್ಷೆಯಾಗುತ್ತದೆ. ಇಬ್ಬರಿಗೂ ಆದರೆ ನಡೆಯುತ್ತದೆ, ಕಷ್ಟ ನಿಮಗೇ ಜಾಸ್ತಿ.

ಕೊನೆಗೆ ಒಂದು ದುಡ್ಡಿನ ವಿಷಯ, ನೀವು ಕೇಳಿಲ್ಲ, ಆದರೆ ಈ ಪ್ರಶ್ನೆ ತರುವವರಲ್ಲಿ ಹಲವರು ಇದರಲ್ಲಿ ಸಿಕ್ಕಿಬಿದ್ದಿರುತ್ತಾರೆ. ಧಾರಾವಾಹಿ ಓದಲು ತಿಂಗಳ ಚಂದಾ ಕಟ್ಟಿದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಹಣ ಕಳಿಸುವ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಎಂಬ ಜಾಗವಿರುತ್ತದೆ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ ‘ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ನೋಡಿ. ಅಲ್ಲಿ ರದ್ದು ಮಾಡಿದರೆ ಮಾತ್ರ ತಿಂಗಳು ತಿಂಗಳು ಕಡಿತವಾಗುವುದು ನಿಲ್ಲುತ್ತದೆ. ಮಗಳ ಫೋನಿನಲ್ಲೂ ನಿಮ್ಮದೇ ಖಾತೆ ಜೋಡಿಸಿದ್ದರೆ ಅದನ್ನೂ ಇದೇ ವಾರ ನೋಡಿಬಿಡಿ.